ತಪ್ಪೆಲ್ಲ ಚೋಕಿಂದು

...ಹಂಗಲ್ಲೋ ನಸೀರಭಾಯಿ, ಮೊದಲು ಕೇಳು! ಗಾಡಿ ಆಮ್ಯಾಲ ಬಿಚ್ಚು, ಚೀಟಿ ಮೊದಲು. ನಾಲ್ಕೇ ಸಾಲು. "ಸಗರದ ರೈತ ಸಂಘದ ಅಧ್ಯಕ್ಷ ದೇವಿಂದ್ರಪ್ಪನವರ ಇಂಜಿನ್ ಸೈಕಲ್ಲು ಇವತ್ತು ಮುಂಜಾನಿ ಚೋಕು ಬಿಗಿದು ಹಾದ್ಯಾಗ ನಿಂತಿತ್ತು. ನಾನು ನೋಡೀನಿ. ಸಹಿ, ನಸೀರುದ್ದೀನ, ಸೈಕಲ್ ಮಿಸ್ತ್ರಿ, ಶಹಾಪುರ." ಮುಗೀತು! ಇದಕ್ಕ ಇಷ್ಟ್ಯಾಕ ಗಡ್ಡ ಕೆರೀತಿ?

ಯಾಕ ಅಂದ್ರ, ಸಗರದಾಗ ಮಂದಿ ಚಾವಡಿ ಮುಂದ ಕುಂತಾರ. ನನ್ನ ದಾರಿ ಕಾಯಾಕತ್ತಾರ. ಭೀಮವ್ವನ ಹೊಲದ ದಾವಾದ ಪೇಶಿ ಇತ್ತಲ್ಲ ಇವತ್ತು, ಯಾದಗಿರಿ ಕಚೇರಿಯೊಳಗ, ಹನ್ನೊಂದಕ್ಕ? ಇಪ್ಪತ್ತು ವರ್ಷ ಉತ್ತಾಳ ಆಕಿ ಆ ಮೂರು ಎಕರೆ. ಗುರಣ್ಣಗೌಡ ಕಾಗದದ ಮ್ಯಾಲ ನಂದು ಅಂತಾನ. ಆಕಿ ಉತ್ತಿದ್ದು ಕಂಡೀನಿ ಅಂತ ಹೇಳೋ ಸಾಕ್ಷಿ ಒಬ್ಬನೇ, ನಾನು. ಸಾಕ್ಷಿ ಬರಲಿಲ್ಲ. ದಾವಾ ಖಾರಿಜ, ವಜಾ ಆದಂಗ. ಹೊಲ ಹೋತು. ಮುಗೀತು.

ಹಂಗ ನೋಡಬ್ಯಾಡ. ನನಗ ಸಂಕಟ ಇಲ್ಲೇನು? ಆದ್ರ ತಪ್ಪು ಯಾರದು? ಚೋಕಿಂದು!

ನಗಬ್ಯಾಡ. ಅಲ್ಲ, ನೀ ಯಾಕ ನಗಾಕತ್ತಿ? ಚೋಕಿನ ಇಲ್ಮು ನನಗೂ ಗೊತ್ತೈತಿ. ನೀನ ಕಲಿಸೀದಿ. ಇಂಜಿನ್ ತಣ್ಣಗಿದ್ರ ಕಡ್ಡಿ ಎಳಿ, ಗಾಳಿ ಬಂದಾಗ್ತದ, ಪೆಟ್ರೋಲು ಜಾಸ್ತಿ ಕುಡೀತದ, ಪೆಡಲು ತುಳಿ, ಹತ್ತಿಕೊಳ್ತದ. ಬಿಸಿ ಆದ ಕೂಡ್ಲೆ ಕಡ್ಡಿ ಬಿಡು. ಬಿಡಲಿಲ್ಲಂದ್ರ ಕುಡದು ಕುಡದು ಉಸರುಗಟ್ಟಿ ಸಾಯ್ತದ. ನಾನು ಇದನ್ನ ಭಾಷಣದಾಗೂ ಹೇಳೀನಿ! "ಬಂಧುಗಳೇ, ನಿಜಾಮ ನಮಗ ಚೋಕು ಹಾಕಿದ್ದ, ಈಗ ಕಡ್ಡಿ ತೆಗದೀವಿ, ಬರೋ ನವೆಂಬರದಾಗ ಮೈಸೂರಿಗೆ ಕೂಡ್ತೀವಿ, ಇನ್ನ ಗಾಳಿನೇ ಗಾಳಿ!" ಎಷ್ಟು ಚಪ್ಪಾಳಿ ಬಿದ್ದಿದ್ದವು ಗೊತ್ತೇನು?

ಹಂಗಾದ್ರ ಚೋಕು ಹೆಂಗ ಬಿಗೀತು ಅಂತಿ? ಅದನ್ನ ಹೇಳಾಕತ್ತೀನಿ. ಭೀಮವ್ವ ಹೊಂಡೋ ಹೊತ್ತಿಗೆ ಬಂದು ಗಾಡಿಗೆ ಲಿಂಬಿಹಣ್ಣು ಕಟ್ಟಿದಳು. ಕುಂಕುಮ, ಊದಿನಕಡ್ಡಿ, ಎಲ್ಲಾ ಆತು. ಎಲ್ಲಿ ಕಟ್ಟಬೇಕು ಆಕಿಗೆ ಏನು ತಿಳೀತದ? ಕೈಗೆ ಸಿಕ್ಕ ಆ ಸಣ್ಣ ಚೋಕಿನ ಕಡ್ಡಿಗೇ ಕಟ್ಯಾಳ. "ಯಪ್ಪಾ, ನನ್ನ ಹೊಲ ನಿನ್ನ ಬಾಯಾಗ ಐತಿ, ಸುಖವಾಗಿ ಹೋಗಿ ಬಾ" ಅಂದಳು. ನಾನು ಏರಿದೆ. ಹಾದಿ ಕುಲುಕಿತು, ಲಿಂಬಿಹಣ್ಣು ಜಗ್ಗಿತು, ಚೋಕು ಬಿಗೀತು! ನೋಡು, ಆಕಿ ಕೈಯಾರ ಕಟ್ಟಿದ್ದು ಆಕಿ ಹೊಲಾನೇ ತಿಂತು. ಪಾಪ. ಇದನ್ನೂ ಒಂದು ಸಾಲು ಬರಿ ಚೀಟಿಯೊಳಗ.

ಏನು ಹುಡುಕ್ತಿ? ಹಣ್ಣು? ಉದುರಿ ಬಿದ್ದದ. ದಾರ? ದಾರನೂ ಬಿದ್ದದ!

ಎಂಟು ಮೈಲು ನೂಕಿಕೊಂಡು ಬಂದೀನಿ ಮಾರಾಯ, ಈ ಬಿಸಲಾಗ. ಎಂಟು... ಯಾಕ ನನ್ನ ಧೋತರ ನೋಡ್ತಿ? ಖಾದಿ ಅದು, ಧೂಳು ಹಿಡಿಯೋದಿಲ್ಲ.

ಅಯ್ಯ, ಇಂಜಿನ್ ಯಾಕ ಮುಟ್ಟಿದಿ? ಸುಟ್ಟಿತೇನು? ಬಿಸಲಿಗೆ! ಬಿಸಲಿಗೆ ಕಬ್ಬಿಣ ಕಾಯೋದಿಲ್ಲೇನು?

ನೋಡು, ನೀ ಬರದ್ರ ಮಂದಿ ನಂಬ್ತಾರ. ನಸೀರುದ್ದೀನ ಸುಳ್ಳು ಬರಿಯಾಂವಲ್ಲ ಅಂತ ಸಗರದಾಗ ಕೂಸಿಗೂ ಗೊತ್ತು. ಅದಕ್ಕ ನಿನ್ನ ಹತ್ರ ಬಂದೀನಿ, ಸುಳ್ಳುಬುರುಕರು ಈ ಶಹಾಪುರದಾಗ ಕಡಿಮಿ ಅದಾರೇನು? ಮತ್ತ ನನ್ನ ಉಪಕಾರ ಮರೀಬ್ಯಾಡ. ಪೋಲೀಸ್ ಆ್ಯಕ್ಷನ್ ಆಗಿ ನಿಜಾಮ ಬಿದ್ದಾಗ ನಿನ್ನ ಮನಿ ಮಂದೀನ ಉಳಿಸಿದವರು ಯಾರು?

...ಹೌದು. ಹೌದಪ್ಪ, ಭೀಮವ್ವ. ನಿನ್ನ ಹೇಣ್ತಿ ಚಮನಬೀನ ಆಕಿ ತನ್ನ ಜೋಳದ ಬಣವಿಯೊಳಗ ಮೂರು ದಿನ ಇಟಗೊಂಡಿದ್ದಳು, ರೊಟ್ಟಿ ಕೊಟ್ಟಳು, ಎಲ್ಲಾ ಖರೆ. ನಾ ಎಲ್ಲಿದ್ದೆ? ನಾನು ಆಗ... ಟೊಪಿಗಿ ಹೊಲಸಾಕ ಹೋಗಿದ್ದೆ. ರಾತ್ರೋರಾತ್ರಿ ಎಲ್ಲಾರಿಗೂ ಬಿಳಿ ಖಾದಿ ಟೊಪಿಗಿ ಬೇಕಾಗಿತ್ತು, ದರ್ಜಿ ಮುಂದ ಪಾಳಿ ಅಷ್ಟುದ್ದ!

ನಟ್ಟು ಬಿಚ್ಚೋ ಪಾನಾ ಯಾಕ ತಗೊಂಡಿ? ಪ್ಲಗ್ ಬಿಚ್ಚಬ್ಯಾಡ. ಬಿಚ್ಚಬ್ಯಾಡ ಅಂದ್ರ... ಬಿಚ್ಚಿದಿ.

ಏನೈತಿ? ಒಣಾ ಐತಿ. ಇರ್ಲಿ. ಚೋಕು ಬಿಗಿದಿದ್ರ ಪ್ಲಗ್ ತೊಯ್ದು ಮಸಿ ಹಿಡೀತದ ಅಂತ ನೀನ ಹೇಳಿದ್ದಿ, ನೆನಪೈತಿ. ನಾ ಒರಸೀನಿ. ಹಾದ್ಯಾಗ ಬಿಚ್ಚಿ, ಧೋತರದ ಚುಂಗಿಲೆ... ಚುಂಗು ಬೆಳ್ಳಗ ಐತಿ, ಹೌದು. ಮತ್ತ ಪಾನಾ ನನ್ನ ಹತ್ರ ಇಲ್ಲ, ಅದೂ ಹೌದು.

ತಿರುಗಿ ಹಾಕಾಕತ್ತಿ? ಹಾಕು. ಕಡ್ಡಿ ಮುಟ್ಟದೇನೇ ತುಳೀತಿ? ಹತ್ತೋದಿಲ್ಲ ಅದು. ಕೆಟ್ಟೈತಿ ಅಂತ ಎಷ್ಟು ಸಲ...

ಹತ್ತಿತು.

ಒಂದೇ ತುಳಿತಕ್ಕ... ಏಯ್, ಬಂದ್ ಮಾಡು! ಸಂತಿ ಮಂದಿ ನೋಡಾಕತ್ತಾರ! ಸಗರದ ಮಂದಿ ಎತ್ತಿನ ಗಾಡಿಗಳೂ ನಿಂತಾವ ಅಲ್ಲಿ! ಬಂದ್ ಮಾಡೋ!

ಆತು, ಹೇಳ್ತೀನಿ. ಯಾದಗಿರಿ ಹಾದಿ ಹಿಡೀಲೇ ಇಲ್ಲ ನಾನು. ಇಲ್ಲೇ ಇದ್ದೆ, ಗುರಣ್ಣಗೌಡನ ಶಹಾಪುರದ ಮನ್ಯಾಗ. ಊಟಕ್ಕ ಕರದಿದ್ದ. ಹೋಳಿಗಿ ಮಾಡಿಸಿದ್ದ. ಉಂಡು ಏಳೋದ್ರಾಗ ಹೊತ್ತು ಮೀರಿತ್ತು, ಅಷ್ಟೇ!

ಇನ್ನೂ ಯಾಕ ನೋಡ್ತಿ? ಬರೇ ಹೋಳಿಗಿಗೆ ಅಲ್ಲ ಅಂತಿಯೇನು? ಜೋರಾಗಿ ಅನ್ನು! ಏನು, ನನ್ನ ಮಾತು ನಿನಗ ಕೇಳಸವಲ್ದು? ಈ ಹಾಳು ಇಂಜಿನ್... ಬಾವಿ ಕಡಿ ಎಕರೆ ಅಂದೆ! ಭೀಮವ್ವನ ಹೊಲದಾಗ ಬಾವಿ ಕಡಿ ಒಂದು ಎಕರೆ ಕೊಡ್ತೀನಿ ಅಂದಾನ ಗೌಡ! ಸಂಘಕ್ಕಲ್ಲ! ನನಗ! ನನ್ನ ಹೆಸರಿಗೆ!

...ಈಗ್ಯಾಕ ಬಂದ್ ಮಾಡಿದಿ?