ಹಲಗೆಯ ಮೇಲಿನ ಹನ್ನೆರಡನೇ ಹೆಸರು

ಈ ಸಭೆಯ ಅಧ್ಯಕ್ಷರೂ ನಮ್ಮ ನೌಕರರ ಸಂಘದ ಹಿರಿಯರೂ ಆದ ಮುಖ್ಯ ಗುಮಾಸ್ತರೇ, ಇಷ್ಟೆಲ್ಲ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದಿರುವ ಸನ್ಮಾನ್ಯ ಮುಖ್ಯಮಂತ್ರಿಗಳೇ, ನನ್ನ ಜೊತೆಗೇ ಇವತ್ತು ನಿವೃತ್ತರಾಗುತ್ತಿರುವ ಟೈಪಿಸ್ಟ್ ಅಕ್ಕನವರೇ, ಊಟದ ಹೊತ್ತಾದರೂ ಎದ್ದು ಹೋಗದ ಸಭಿಕರೇ,

ಪೇಂಟರ್ ಕೈಗೆ ಯಾರೂ ಮೈಕು ಕೊಡುವುದಿಲ್ಲ. ನೀವು ಕೊಟ್ಟಿದ್ದೀರಿ, ಅನುಭವಿಸಿ.

ಮೂವತ್ತನಾಲ್ಕು ವರ್ಷ ಈ ಸಚಿವಾಲಯದಲ್ಲಿ ಬೋರ್ಡು ಬರೆದೆ. ‘ಸದ್ದು ಮಾಡಬೇಡಿ’ ಬರೆದವನೂ ನಾನೇ, ಅದರ ಕೆಳಗೇ ನಿಂತು ಜೋರಾಗಿ ಹರಟಿದವನೂ ನಾನೇ. ಆದರೆ ನನ್ನ ನಿಜವಾದ ಕೆಲಸ ಮುಖ್ಯಮಂತ್ರಿಗಳ ಕೊಠಡಿಯ ಹೊರಗಿರುವ ತೇಗದ ಹಲಗೆ. ಈ ರಾಜ್ಯವನ್ನು ಆಳಿದವರ ಹೆಸರೆಲ್ಲ ಅದರ ಮೇಲಿದೆ. ಕ್ರಮಸಂಖ್ಯೆ, ಹೆಸರು, ಎಂದಿನಿಂದ, ಎಂದಿನವರೆಗೆ. ಮೊದಲು ಅದು ಕೊಠಡಿಯ ಒಳಗೇ, ಕುರ್ಚಿಯ ಎದುರಿಗೇ ಇತ್ತಂತೆ. ಐದನೆಯವರು, “ತಲೆ ಎತ್ತಿದ್ರೆ ಅದೇ ಕಾಣುತ್ತೆ, ಸಹಿ ಹಾಕೋಕೆ ಕೈ ಓಡಲ್ಲ, ಹೊರಗೆ ಹಾಕಿ” ಅಂದರಂತೆ.

ಮುಖ್ಯಮಂತ್ರಿ ಎಂದರೆ ಯಾರು? ಶಾಸಕರ ಬಹುಮತ ಇರುವವರು, ರಾಜ್ಯಪಾಲರ ಮುಂದೆ ಪ್ರಮಾಣವಚನ ಸ್ವೀಕರಿಸಿದವರು, ಮಂತ್ರಿಮಂಡಲವನ್ನು ನಡೆಸುವವರು. ಹಾಗಂತ ಪುಸ್ತಕ ಹೇಳುತ್ತದೆ. ಪೇಂಟರ್‌ನನ್ನು ಕೇಳಿದರೆ, ಬಂದ ತಾರೀಖು ಗೊತ್ತಿದ್ದು ಹೋಗುವ ತಾರೀಖು ಗೊತ್ತಿಲ್ಲದೆ ದುಡಿಯುವವರು. ಹದಿನೈದನೆಯವರು ಒಂಬತ್ತು ವರ್ಷ ಇದ್ದರು. ಆ ಒಂಬತ್ತು ವರ್ಷದಲ್ಲಿ ನನ್ನ ಬ್ರಷ್ ಒಣಗಿ ಕಡ್ಡಿಯಾಯಿತು. ಅವರ ಹಿಂದೆ ಮುಂದೆ ಬಂದವರು ನನಗೆ ಒಳ್ಳೆ ಕೆಲಸ ಕೊಟ್ಟರು.

ಹೆಸರು ಬರೆಯುವುದಕ್ಕೂ ಒಂದು ಪದ್ಧತಿ ಇದೆ. ನನಗೆ ಅಕ್ಷರ ಕಲಿಸಿದ ಮೇಸ್ತ್ರಿ ಒಮ್ಮೆ ‘ನಾಳೆ ಇವರೇ’ ಎಂಬ ಮಾತು ನಂಬಿ ಮುಂಚಿತವಾಗಿಯೇ ಒಂದು ಹೆಸರು ಬರೆದುಬಿಟ್ಟಿದ್ದರು. ಮರುದಿನ ಪ್ರಮಾಣವಚನ ತೆಗೆದುಕೊಂಡವರು ಬೇರೆಯವರು. ಎಂಟನೇ ಸಾಲನ್ನು ಓರೆಯಾಗಿ ನೋಡಿ, ಕೆರೆದ ಗುರುತು ಈಗಲೂ ಇದೆ. ಆಮೇಲೆ ಅವರು ನನಗೆ ಹೇಳಿದ್ದು ಒಂದೇ ಪಾಠ: “ಎಂಟು ದಿನ ಕಾಯೋ. ಕುರ್ಚಿ ಬಿಸಿಯಾಗಲಿ. ಬರೆಯೋದು ಸುಲಭ, ಕೆರೆಯೋದು ಕಷ್ಟ.”

ಕಾದೆ. ಸನ್ಮಾನ್ಯರೇ, ಮೂವತ್ತು ವರ್ಷದ ಹಿಂದೆ ಒಬ್ಬರು ಬಂದರು, ಏಳೇ ದಿನಕ್ಕೆ ಹೋದರು. ಇಬ್ಬರು ಶಾಸಕರು ಆ ಕಡೆಗೆ ಹಾರಿದರು, ಬಹುಮತ ಮುರಿದುಬಿತ್ತು. ನಾವು ಅವರನ್ನು ‘ವಾರದ ಸಾಹೇಬರು’ ಅಂತ ಕರೆದು ನಕ್ಕೆವು. ಹೆಸರು ಬರೆಯಲೇ ಎಂದು ನಮ್ಮ ಅಧಿಕಾರಿಯನ್ನು ಕೇಳಿದೆ. “ಏಳು ದಿನಕ್ಕೆಲ್ಲ ಏನ್ರೀ ಬೋರ್ಡು, ಬಿಡಿ” ಅಂದರು. ಬಿಟ್ಟೆ. ಮುಂದೆ ಬಂದವರಿಗೆ ಹನ್ನೆರಡನೇ ಸಂಖ್ಯೆ ಕೊಟ್ಟೆ.

ಆಗ ನಾನು ದಿನಗೂಲಿ. ನಮ್ಮಂಥ ನಲವತ್ತು ಜನರನ್ನು ಕಾಯಂ ಮಾಡುವ ಫೈಲು ಮೂರು ವರ್ಷದಿಂದ ಮೇಜಿನಿಂದ ಮೇಜಿಗೆ ಅಲೆಯುತ್ತಿತ್ತು. ಮೂರು ತಿಂಗಳ ಮೇಲೆ ಆದೇಶ ಕೈಗೆ ಬಂತು. ಫೈಲಿಗೆ ಸಹಿ ಹಾಕಿದ್ದು ಯಾರು? ವಾರದ ಸಾಹೇಬರು. ಐದನೇ ದಿನ.

ನನ್ನ ಹೆಂಡತಿ ಆ ಸಹಿಯ ಜೆರಾಕ್ಸ್‌ಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದಳು. “ಸಹಿ ನಮ್ಮನೆ ಗೋಡೆ ಮೇಲಿದೆ, ಹೆಸರು ನಿಮ್ಮ ಹಲಗೆ ಮೇಲಿಲ್ಲ. ಇದ್ಯಾವ ನ್ಯಾಯ ರೀ?” ಎಂದು ಕೇಳಿದಳು. ಜಾಗ ಇಲ್ಲ ಕಣೇ ಅಂದೆ. ಸುಳ್ಳು. ಜಾಗ ಮಾಡಬಹುದಿತ್ತು. ಆಗ ಕುರ್ಚಿಯಲ್ಲಿದ್ದವರಿಗೂ ವಾರದ ಸಾಹೇಬರಿಗೂ ಆಗುತ್ತಿರಲಿಲ್ಲ, ಸಿಕ್ಕ ಕೆಲಸ ಹೋದೀತೆಂದು ಹೆದರಿದೆ. ಇದನ್ನು ಇವತ್ತು ಹೇಳಬೇಕೆಂದು ಬಂದವನಲ್ಲ, ಬಾಯಿಗೆ ಬಂತು.

ಹತ್ತು ವರ್ಷ ಕಳೆದು ವಾರದ ಸಾಹೇಬರು ಯಾವುದೋ ಮನವಿ ಕೊಡಲು ಬಂದರು. ನಾನು ಏಣಿಯ ಮೇಲಿದ್ದೆ. ಅವರು ಹಲಗೆಯನ್ನು ಮೇಲಿಂದ ಕೆಳಗೆ ಓದಿದರು. ಮತ್ತೆ ಒಂದು ಸಲ ಓದಿದರು.

“ಇದನ್ನ ಬರೆದೋರು ಯಾರು?”

“ನಾನೇ ಸಾರ್.”

“ಅಕ್ಷರ ಚೆನ್ನಾಗಿದೆ” ಅಂದು ಹೋದರು. ಅವರು ಬೈದಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತು.

ಸನ್ಮಾನ್ಯ ಮುಖ್ಯಮಂತ್ರಿಗಳೇ, ನಮ್ಮ ಸಂಘದವರು ತಮ್ಮ ಕುರ್ಚಿಯ ಹಿಂದಿನ ಬ್ಯಾನರಿನಲ್ಲಿ ‘ಇಪ್ಪತ್ತೊಂದನೆಯ ಮುಖ್ಯಮಂತ್ರಿಗಳಿಗೆ ಸ್ವಾಗತ’ ಎಂದು ಹಾಕಿದ್ದಾರೆ. ಕ್ಷಮಿಸಬೇಕು, ತಾವು ಇಪ್ಪತ್ತೆರಡನೆಯವರು. ಹಲಗೆಗೆ ಪಾಲಿಶ್ ನಡೆದಿದೆ ಎಂದು ಬಟ್ಟೆ ಹೊದಿಸಿ, ಮೂರು ಭಾನುವಾರ ಕೂತು ಹತ್ತು ಹೆಸರುಗಳನ್ನು ಕೆರೆದು ಒಂದೊಂದು ಸಾಲು ಕೆಳಗೆ ಇಳಿಸಿದ್ದೇನೆ. ಬೀಗದ ಕೈ ಯಾರು ಕೊಟ್ಟರೆಂದು ಕೇಳಬೇಡಿ, ಅವರಿಗಿನ್ನೂ ನಾಲ್ಕು ವರ್ಷ ಸರ್ವಿಸ್ ಇದೆ. ಅವರು ಈಗ ನಗಬಾರದು. ಇವತ್ತು ಬೆಳಿಗ್ಗೆ ಹನ್ನೆರಡನೇ ಹೆಸರು ಬರೆದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಸಂಜೆ ಐದೂವರೆವರೆಗೆ ನಾನು ಸರ್ಕಾರಿ ನೌಕರ. ನೋಟಿಸ್ ಕೊಡುವುದಿದ್ದರೆ ಅಷ್ಟರೊಳಗೆ ಕೊಟ್ಟುಬಿಡಿ.

ಮೂರನೇ ಸಾಲಿನ ತುದಿಯಲ್ಲಿ ಊರುಗೋಲು ಹಿಡಿದು ಕೂತ ಹಿರಿಯರು ಯಾರೆಂದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಾಗಿಲ್ಲ. ನಾನೇ ಮನೆಗೆ ಹೋಗಿ ಕರೆದೆ. ಏತಕ್ಕೆಂದು ಹೇಳಿರಲಿಲ್ಲ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ, ಏಣಿ ಹಿಡಿದ ಎಲ್ಲ ಕೈಗಳಿಗೂ ಧನ್ಯವಾದ. ಸಾರ್, ಊಟ ಆದಮೇಲೆ ಮಹಡಿಗೆ ಬನ್ನಿ, ಕೈ ಹಿಡಿದು ನಾನೇ ಕರೆದುಕೊಂಡು ಹೋಗುತ್ತೇನೆ. ಅಕ್ಷರ ಹೇಗಿದೆ ನೋಡಿ ಹೇಳಿ. ಮುಟ್ಟಬೇಡಿ ಸಾರ್, ಬಣ್ಣ ಇನ್ನೂ ಹಸಿ ಇದೆ.

ನಮಸ್ಕಾರ.