ಕೇಳದೆ ನೋಡಿದ ಮನಿ

ದೀಪ ಒಂಚೂರು ಸಣ್ಣಕೆ ಮಾಡ್ರಿ. ಮಕ್ಕಳು ಮಲಗಿದಾವೆ, ಮೆಲ್ಲಕೆ ಹೇಳ್ತೀನಿ. ನಡುವೆ ಯಾರಾದ್ರೂ ಕಿಸಕ್ಕನೆ ನಕ್ಕರೆ ಎದ್ದು ಹೋಗ್ತೀನಿ ಅಷ್ಟೆ, ಆಮೇಲೆ ‘ಬಾರಪ್ಪಾ, ಕೂಡಪ್ಪಾ’ ಅಂತ ಕರೀಬ್ಯಾಡ್ರಿ.

ಇದು ನಮ್ಮ ದೊಡ್ಡವ್ವನ ಮಗ ಉಜ್ಜನಪ್ಪಂಗೆ ಆಗಿದ್ದು. ನಯಾಪೈಸೆ ಬಂತಲ್ಲ, ಆ ವರ್ಷದ ಚಳಿಗಾಲ. ಹರಿಹರದಾಗೆ ಒಂದು ಮನಿ ನೋಡ್ಕಂಡು, ದಾವಣಗೆರೆ ರೈಲು ಹಿಡಿಯಾಕೆ ಸ್ಟೇಷನ್ ಕಡೆ ಹೊಂಟಿದ್ದ. ಒಬ್ಬನೇ. ಹೊತ್ತು ಮುಳುಗಿ ಕತ್ತಲು ಗಟ್ಟಿಯಾಗಿತ್ತು. ಹೊಳೆ ಕಡೆ ಬೀದಿ ದಾಟಿದ್ರೆ ಆಗ ಒಂದು ಆಲದ ಮರ, ಅದರ ಬುಡದಾಗೆ ಸೇದೋ ಬಾವಿ. ಲೈಟು ಗೀಟು ಏನೂ ಇಲ್ಲ. ಅವನ ಚಪ್ಪಲಿ ಸದ್ದು ಒಂದೇ... ಚರಕ್... ಚರಕ್.

ಹೆದರಿಕೆ ಏನೂ ಇರಲಿಲ್ಲ ಅವನಿಗೆ. ಖುಷಿಯಾಗಿದ್ದ. ಅಂಗಿ ಜೇಬಿನಾಗೆ ಎಲೆ ಅಡಿಕೆ ಇತ್ತು. ಎಲೆ ಅಡಿಕೆ ಇಸ್ಕಂಡ ಅಂದ್ರೆ ಮಾತು ಮುಗೀತು, ಮನಿ ಅವಂದೇ.

ಉಜ್ಜನಪ್ಪ ದಾವಣಗೆರೆ ಹತ್ತಿ ಮಿಲ್ಲಿನಾಗೆ ಕೆಲಸಕ್ಕಿದ್ದ. ವಠಾರದಾಗೆ ಒಂದೇ ಖೋಲಿ, ಗೋಡೆ ವರ್ಷಪೂರ್ತಿ ಹಸಿ. ಅದೇ ಖೋಲಿಯಾಗೆ ಅವನ ಹೆಂಡ್ತಿ ಶಕುಂತಲಾಗೆ ಎರಡು ಬಸುರು ಇಳಿದು ಹೋಗಿದ್ವು. ಈಗ ಮೂರನೇದು, ಏಳು ತಿಂಗಳು. ಸೂಲಗಿತ್ತಿ ‘ನೀನು ಚಾಪೆ ಬಿಟ್ಟು ಏಳಕೂಡದು ಕಣವ್ವ’ ಅಂತ ಹೇಳಿ ಹೋಗಿದ್ಲು. ಈ ಕೂಸನ್ನಾದ್ರೂ ಬಿಸಿಲು ಬೀಳೋ ಮನ್ಯಾಗೆ ಹೆರಬೇಕು ಅಂತ ಶಕುಂತಲಾ ದಿನಾ ಅಳೋಳು. ಉಜ್ಜನಪ್ಪಂಗೆ ನಿದ್ದಿ ಇಲ್ಲ, ಊಟ ಇಲ್ಲ, ಮನಿ ಮನಿ ಮನಿ.

ಆವಾಗ ಕೊಟ್ಟೂರಪ್ಪ ಸಿಕ್ಕ. ಸಿಕ್ಕ ಏನು, ಇಬ್ರೂ ಒಂದೇ ಗರಡಿ ಮಣ್ಣಾಗೆ ಹೊರಳಾಡಿ ಬೆಳೆದೋರು. ಒಂದೇ ತಾಟಿನಾಗೆ ಉಂಡೋರು. ಉಜ್ಜನಪ್ಪನ ಮದಿವ್ಯಾಗೆ ಓಡಾಡಿ ಕಾಲು ಸೋತೋನು ಅವನೇ. ‘ಲೇ ಉಜ್ಜಾ, ನಮ್ಮ ಅತ್ತಿಗೆ ಬಸವಣ್ಣೆಮ್ಮನ ಮನಿ ಐತೆ ಹರಿಹರದಾಗೆ. ಅಣ್ಣ ಹೋದ ಮ್ಯಾಲೆ ಒಬ್ರೇ ಅದಾರೆ. ಕೊಡ್ತಾರಂತೆ. ಬಾ, ತೋರಿಸ್ತೀನಿ’ ಅಂದ.

ಬಸವಣ್ಣೆಮ್ಮಗೆ ಆರು ತಿಂಗಳಿಂದ ಜಡ್ಡು ಅಂತ ಉಜ್ಜನಪ್ಪ ಎಲ್ಲೋ ಕೇಳಿದ್ದ. ಅದಕ್ಕೇ ಅವತ್ತು ಸಂಜಿ ಹರಿಹರದ ಆ ಮನಿ ಬಾಗಿಲಾಗೇ ನಿಂತು ಕೇಳಿದ. “ಅತ್ತಿಗೆಯೋರು ಎಲ್ಲಿ? ಮೊದಲು ಅವರನ್ನ ಮಾತಾಡಿಸಾಣ.”

ಇದು ನಮ್ಮ ದೊಡ್ಡವ್ವ ಕಲಿಸಿದ ಬುದ್ಧಿ. ಜಡ್ಡಾದೋರು ಇರೋ ಮನಿ ನೋಡಾಕೆ ಹೋದ್ರೆ ಮೊದಲು ಅವರ ಹತ್ರ ಕೂತ್ಕಂಡು ಹೆಂಗದೀರಿ ಅಂತ ಕೇಳ್ಬೇಕು. ಅವರೇ ‘ನೋಡ್ರಿ’ ಅಂದ ಮ್ಯಾಲೆ ಎದ್ದು ಒಳಗೆ ಕಾಲಿಡ್ಬೇಕು. ಅವರ ಕಿವಿಗೆ ಬೀಳೋ ಹಂಗೆ ಅಳತಿ ಮಾತು, ಕೆಡವೋ ಮಾತು ಆಡಕೂಡದು. ಅವರು ಬದುಕಿರೋವಾಗ್ಲೇ ಅವರ ಜಾಗ ಖಾಲಿ ಮಾಡಿಸಿದಂಗೆ ಆಗ್ತೈತೆ ಅನ್ನೋಳು ದೊಡ್ಡವ್ವ.

“ಅತ್ತಿಗೆ ತವರಿಗೆ ಹೋಗ್ಯಾರೆ, ರಾಣೆಬೆನ್ನೂರಿಗೆ. ಮನಿ ಖಾಲಿ ಐತೆ. ನೀನು ಆರಾಮ ನೋಡು” ಅಂದ ಕೊಟ್ಟೂರಪ್ಪ.

ಖಾಲಿ ಮನಿ ಅಂದ ಮ್ಯಾಲೆ ಕೇಳ್ಬೇಕಾ? ಉಜ್ಜನಪ್ಪ ಹಗ್ಗ ತೆಗೆದು ಪಡಸಾಲೆ ಅಳೆದ. ಕಂಬ ತಟ್ಟಿದ, ಟಕ್... ಟಕ್. ಹಿತ್ತಲ ಬಾಗಿಲು ತೆಗೆದ್ರೆ ಮುಳುಗೋ ಬಿಸಿಲು ಸೀದಾ ನಡುಮನಿಗೆ ಬಿತ್ತು. ಇಲ್ಲೇ ತೊಟ್ಟಿಲು ಕಟ್ಟೋದು ಅಂದ. ಅಡಿಗೆಮನಿ ಪಕ್ಕದಾಗೆ ಒಂದು ಕೋಣೆ, ಬೀಗ ಹಾಕಿತ್ತು. “ಇದೇನ್ಲೇ?” “ಜೋಳದ ಚೀಲ ಅದಾವೆ.” ಉಜ್ಜನಪ್ಪ ಆ ಬಾಗಿಲ ಮ್ಯಾಲೆ ಅಂಗೈಲಿ ಬಡಿದು, ದೊಡ್ಡ ದನೀಲಿ ಅಂದ. “ಈ ಕತ್ತಲು ಕೋಣೆ ಯಾರಿಗೆ ಬೇಕು? ಮೊದಲು ಇದನ್ನ ಕೆಡವಿ ಬಚ್ಚಲು ಮಾಡ್ತೀನಿ.”

ಒಳಗಿಂದ... ಖೊಳ್. ಖೊಳ್ ಖೊಳ್.

ಆಮೇಲೆ ನೆಲದ ಮ್ಯಾಲೆ ಹಿತ್ತಾಳೆ ಲೋಟ ಜರುಗಿದ ಸದ್ದು, ಗರ್ರ್. ಆಮೇಲೆ, ಬಹಳ ಸಣ್ಣಕೆ... “ಶಿವಾ...”

“ಯಾರೋ ಒಳಗೆ?”

ಕೊಟ್ಟೂರಪ್ಪನ ಮುಖ ಬೆಳ್ಳಗಾತು. “ಬೆಕ್ಕು ಲೇ. ಇಲಿ ಹಿಡಿಯಾಕೆ ಹೊಕ್ಕಿರ್ತೈತೆ. ಬಾ ಬಾ, ಎಲೆ ಅಡಿಕೆ ತಗಾ.”

ನೀವೇ ಹೇಳ್ರಪ್ಪಾ, ಬೆಕ್ಕು ‘ಶಿವಾ’ ಅಂತೈತೇನು? ಉಜ್ಜನಪ್ಪ ದಡ್ಡನಲ್ಲ. ಅವನಿಗೆ ಗೊತ್ತಾತು. ಗೊತ್ತಾಗಿಯೂ... ಆ ಬಿಸಿಲು ನೋಡಿದ್ದ ನೋಡ್ರಿ, ತೊಟ್ಟಿಲು ನೋಡಿದ್ದ. ಗೆಳೆಯ ಬೆಕ್ಕು ಅಂದ, ಇವನು ಬೆಕ್ಕು ಅಂದ್ಕಂಡ. ಕೈ ಚಾಚಿ ಎಲೆ ಅಡಿಕೆ ತಗಂಡ.

ಈಗ ಬಾವಿ ಹತ್ರ ಬಂದ. ಬಾವಿ ಕಟ್ಟೆ ಮ್ಯಾಲೆ ಯಾರೋ ಕೂತಿದ್ರು. ತಲಿ ಮ್ಯಾಲೆ ಸೆರಗು, ಬಿಳೀದು. ನೀರಿಗೆ ಬಂದೋರು ಅಂದ್ಕಂಡು ಇವನು ಬದಿಗೆ ಸರಿದು ನಡೆದ.

“ಮನಿ ನೋಡಿದ್ರಾ?”

ಪಿಸಪಿಸ ದನಿ. ಗಂಟಲಾಗೆ ಕಫ ಕಟ್ಟಿದಂಗೆ.

“ಹೂಂ... ನೋಡಿದೆ ಕಣವ್ವ.”

“ಎಲ್ಲಾ ನೋಡಿದ್ರಾ?”

“ಎಲ್ಲಾ.”

ಎಲ್ಲೋ ದೂರ ಹೊಳ್ಯಾಗೆ ನೀರು ಮಾತ್ರ... ಸುಂಯ್.

“ನನ್ನ ಕೇಳಲಿಲ್ಲ.”

ಉಜ್ಜನಪ್ಪ ಗಕ್ಕನೆ ತಿರುಗಿದ. ಕಟ್ಟೆ ಮ್ಯಾಲೆ ಯಾರೂ ಇಲ್ಲ. ಬಾವಿ ರಾಟೆ ತಾನೇ ತಿರುಗ್ತಿತ್ತು, ಕಿರ್ರ್... ಕಿರ್ರ್. ಅದಕ್ಕೆ ಹಗ್ಗಾನೇ ಇರಲಿಲ್ಲ. ನೋಡ್ತಾ ನೋಡ್ತಾ ನಿಂತ್ಕಂತು.

ಅಷ್ಟರಾಗೆ ರೈಲು ಕೂಗ್ತು. ಇನ್ನು ಹತ್ತು ನಿಮಿಷ ಐತೆ, ಓಡಿದ್ರೆ ಸಿಗ್ತೈತೆ. ರೈಲು ಹತ್ತಿದ್ರೆ ಮನಿ ಕೈಗೆ ಸಿಕ್ಕಿತು, ಶಕುಂತಲಾ ನಗ್ತಾಳೆ. ಕಾಲು ಸ್ಟೇಷನ್ ಕಡೆ ಎರಡು ಹೆಜ್ಜೆ ಇಟ್ಟೂ ಬಿಟ್ಟವು. ಆದ್ರೆ ಎದಿ ಕೇಳಬೇಕಲ್ಲ? ಆರು ತಿಂಗಳಿಂದ ಜಡ್ಡಾಗಿರೋ ಹೆಣ್ಮಗಳನ್ನ ಕೊಟ್ಟೂರಪ್ಪ ಬೀಗ ಹಾಕಿ ಕೂಡಿಟ್ಟಾನೆ. ಅವಳ ಬಾಗಿಲಿಗೇ ಬಡಿದು, ನಿನ್ನ ಕೋಣೆ ಕೆಡವ್ತೀನಿ ಅಂದೀನಿ. ಅವಳು ಬಾಯ್ಬಿಟ್ಟು ‘ಹೂಂ’ ಅನ್ನದೆ ಆ ಮನ್ಯಾಗೆ ನನ್ನ ಹೆಂಡ್ತಿ ಹೆಂಗೆ ಹೆರಬೇಕು? ಹೋಗಿ ಕಾಲು ಹಿಡಿದು ತಪ್ಪಾತು ಅಂದು, ಅವಳ ಕೈಲಿ ‘ನೋಡ್ರಿ’ ಅನ್ನಿಸ್ಕಂಡೇ ಬರ್ತೀನಿ ಅಂತ ತಿರುಗಿ ಓಡಿದ.

ಕೊಟ್ಟೂರಪ್ಪ ಪಡಸಾಲ್ಯಾಗೆ ಲಾಂದ್ರ ಹಚ್ಕಂಡು ಕೂತಿದ್ದ. ಬೀದಿ ಬಾಗಿಲು ದಬ್ಬಿದ್ದಕ್ಕೆ ಬೆಚ್ಚಿ ಎದ್ದ.

“ಆ ಕೋಣೆ ಬೀಗ ತೆಗಿ.”

“ಯಾಕ್ಲೇ? ರೈಲು ತಪ್ತಾ?”

“ತೆಗಿ ಅಂದ್ನಲ್ಲ.”

“ಉಜ್ಜಾ... ಬ್ಯಾಡ ಕಣೋ. ನಾಳಿಗೆ ತೆಗೆದ್ರಾತು.” ಕೊಟ್ಟೂರಪ್ಪನ ದನಿ ಪಿಸುಗುಟ್ತಿತ್ತು. “ಕೈ ಮುಗೀತೀನಿ, ನೀನು ಹೋಗು.”

ಉಜ್ಜನಪ್ಪ ಗರಡಿ ಆಳು. ಕೊಟ್ಟೂರಪ್ಪನ ಸೊಂಟದಿಂದ ಬೀಗದ ಕೈ ಕಿತ್ಕಂಡ. ಬೀಗ ಕಟಕ್ ಅಂತು. ಬಾಗಿಲು ಸಲೀಸಾಗಿ ತೆರೀಲಿಲ್ಲ, ಒಳಗೆ ಏನೋ ಅಡ್ಡ ಇತ್ತು. ಲಾಂದ್ರ ಹಿಡಿದು ನೋಡಿದ್ರೆ... ಕೈ. ಬಸವಣ್ಣೆಮ್ಮನ ಕೈ. ಚಾಪೆ ಬಿಟ್ಟು ಹೊಸ್ತಿಲ ತನಕ ತೆವಳಿ ಬಂದು ಹಂಗೇ ಮಲಗಿತ್ತು ಆ ಜೀವ. ಮುಟ್ಟಿದ. ತಣ್ಣಗೆ, ಕಟ್ಟಿಗಿ ಹಂಗೆ ಸೆಟೆದಿತ್ತು.

“ಅಯ್ಯೋ... ನಾನು ಬಡಿದಾಗ ಬದುಕಿದ್ರಲ್ಲೋ! ಕೆಮ್ಮಿದ್ರಲ್ಲೋ! ಆಗಲೇ ತೆಗೆದಿದ್ರೆ...”

ಕೊಟ್ಟೂರಪ್ಪ ನೆಲಕ್ಕೆ ಕುಸಿದ. “ಯಾವ ಕೆಮ್ಮು? ನನಗೇನೂ ಕೇಳ್ಲಿಲ್ಲ ಕಣೋ. ನೀನು ‘ಯಾರೋ ಒಳಗೆ’ ಅಂದಾಗ ನನ್ನ ಜೀವ ಬಾಯಿಗೆ ಬಂತು. ಅವರು ಬೆಳಿಗ್ಗೇನೇ ಹೋಗಿಬಿಟ್ರು ಉಜ್ಜಾ. ಎಂಟು ಗಂಟಿಗೆ ಗಂಜಿ ಕೊಡಾಕೆ ಹೋದೆ, ಆಗಲೇ ಹಿಂಗೇ ಬಿದ್ದಿದ್ರು. ರಾತ್ರಿ ಎಲ್ಲಿಗಾದ್ರೂ ಎದ್ದು ಹೋಗಿ ಬಿದ್ದಾರು ಅಂತ ಬೀಗ ಹಾಕ್ತಿದ್ದೆ.”

“ಬೆಳಿಗ್ಗೆ ಹೋದೋರನ್ನ... ಸಂಜಿ ತನಕ...”

“ಜೀವ ಹೋದ ನಕ್ಷತ್ರ ಸರಿ ಇರಲಿಲ್ಲ ಲೇ. ಹೇಳಿದ್ರೆ ಆರು ತಿಂಗಳು ಮನಿ ಬಾಗಿಲು ಹಾಕ್ರಿ ಅಂತಾರೆ ಐನೋರು. ಅಂಥಾ ಮನೀನ ಆಮೇಲೆ ಯಾರು ತಗಂತಾರೆ? ನೀನು ಇವತ್ತು ಬರೋನಿದ್ದೆ. ಮಾತು ಮುಗಿಸಿ, ರಾತ್ರಿ ನಾಕು ಜನಾನ ಕರೆದು, ಈಗ ಹೋದ್ರು ಅಂತ ಹೇಳಾಣ ಅಂತಿದ್ದೆ.” ತಲಿ ಬಗ್ಗಿಸಿ ಇನ್ನೊಂದು ಮಾತು ಅಂದ. “ಅತ್ತಿಗೆ ಒಂದೇ ಕೇಳಿದ್ರು. ಯಾರು ಬಂದ್ರೂ ಮೊದಲು ನನ್ನ ಹತ್ರ ಕರ್ಕಂಡು ಬಾರಪ್ಪಾ, ಮುಖ ನೋಡಿ ‘ಹೂಂ’ ಅಂತೀನಿ ಅಂತ. ಆತು ಅಂದಿದ್ದೆ.”

ಉಜ್ಜನಪ್ಪ ಬಡೀಲಿಲ್ಲ ಅವನನ್ನ. ಬಡಿದಿದ್ರೆ ಚೆನ್ನಾಗಿತ್ತು ಅಂತೀನಿ ನಾನು. ಜೇಬಿನಾಗಿದ್ದ ಎಲೆ ಅಡಿಕೆ ತೆಗೆದು ಅವನ ಮುಂದೆ ಹಾಕಿದ.

“ಲೇ ಕೊಟ್ರಾ, ಮನಿ ಕೊಡಲ್ಲ ಅಂದಿದ್ರೆ ನಾನು ಬೇಜಾರೂ ಮಾಡ್ಕಂತಿರಲಿಲ್ಲ. ಹೆಣದ ಬಾಗಿಲಾಗೆ ನಿಲ್ಸಿ, ನನ್ನ ಬಾಯಿಂದ ಆ ಮಾತು ಆಡಿಸಿದೆಯಲ್ಲೋ. ಒಂದೇ ತಾಟಿನಾಗೆ ಉಂಡೋನು ನೀನು. ಅವರಿಗೂ ಮೋಸ ಮಾಡಿದೆ, ನನಗೂ ಮೋಸ ಮಾಡಿದೆ. ಥೂ, ನಿನ್ನ ಜನ್ಮಕ್ಕೆ.”

ಬೆಳಿಗ್ಗೆಯಿಂದ ತಲಿ ದೆಸೆಗೆ ಒಂದು ದೀಪ ಇಟ್ಟಿರಲಿಲ್ಲ ಕಟುಕ. ಉಜ್ಜನಪ್ಪ ತಾನೇ ಹಚ್ಚಿಟ್ಟ, ಹಣಿಗೆ ವಿಭೂತಿ ಇಟ್ಟ. ಹೊಸ್ತಿಲ ಹೊರಗೆ ಕೂತ್ಕಂಡು “ಅಮ್ಮಾ, ಕೇಳದೆ ನೋಡಿದೆ, ತಪ್ಪಾತು... ಒಂದು ಮಾತು ಅನ್ರಿ” ಅಂತ ಬಿಕ್ಕಿ ಬಿಕ್ಕಿ ಅತ್ತ. ಅನ್ನೋರು ಯಾರು? ಅಕ್ಕಪಕ್ಕದೋರನ್ನ ಕರೆದು, ಬೆಳಗಾಗೋ ತನಕ ಅಲ್ಲೇ ಕೂತಿದ್ದು, ಮೊದಲ್ನೇ ರೈಲಿಗೆ ದಾವಣಗೆರೆಗೆ ಬಂದ. ಅವತ್ತಿಂದ ಅವನು ಕೊಟ್ಟೂರಪ್ಪನ ಮುಖ ನೋಡ್ಲಿಲ್ಲ.

ದಾರಿಪೂರ್ತಿ ಒಂದೇ ಯೋಚನೆ. ಶಕುಂತಲಾಗೆ ಏನು ಹೇಳೋದು? ಮನಿ ಹೋತು ಅಂತ ಹೇಳೋದಾ, ಇಂಥಾ ಕೆಲಸ ಮಾಡಿ ಬಂದೆ ಅಂತ ಹೇಳೋದಾ? ಬಸುರಿ ಹೆಂಗಸು, ಎದಿ ಒಡ್ಕಂಡ್ರೆ ಏನು ಗತಿ? ಏನೂ ಹೇಳೋದೇ ಬ್ಯಾಡ ಅಂತ ಗಟ್ಟಿ ಮಾಡ್ಕಂಡು ಖೋಲಿ ಬಾಗಿಲು ದಬ್ಬಿದ.

ಶಕುಂತಲಾ ಚಾಪೆ ಮ್ಯಾಲೆ ಎದ್ದು ಕೂತಿದ್ಲು. ಮುಖ ಗೆಲುವಾಗಿತ್ತು. “ಏನ್ರೀ, ರಾತ್ರಿಯೆಲ್ಲಾ ಎಲ್ಲಿ ಹೋಗಿದ್ರಿ? ನಿನ್ನೆ ನಿಮ್ಮನ್ನ ಕೇಳ್ಕಂಡು ಯಾರೋ ದೊಡ್ಡಮ್ಮ ಒಬ್ರು ಬಂದಿದ್ರು. ಹರಿಹರದೋರಂತೆ.”

“ಯಾವಾಗ?” ಅಂದ ಉಜ್ಜನಪ್ಪ.

“ರಾತ್ರಿ ಮಿಲ್ಲಿನ ಸೈರನ್ ಆತಲ್ಲ, ಆವಾಗ. ಭಾಳ ಸೊರಗಿದ್ರು ಪಾಪ. ಒಳಗೆ ಬರ್ರಿ ಅಂದ್ರೆ ಬರಲಿಲ್ಲ, ಹೊಸ್ತಿಲ ಆಚೇನೇ ಕೂತ್ರು. ಹೆಂಗದೀಯವ್ವಾ, ಎಷ್ಟು ತಿಂಗಳು, ಊಟ ಸೇರ್ತೈತಾ ಅಂತ ಎಲ್ಲಾ ವಿಚಾರಿಸಿದ್ರು. ಆಮೇಲೆ ‘ನಿನ್ನ ಮನಿ ಒಂದು ಸಲ ನೋಡ್ಲೇನವ್ವಾ?’ ಅಂದ್ರು. ನನಗೆ ನಗು ಬಂತು. ಇದೇನು ಮನಿ ದೊಡ್ಡಮ್ಮಾ, ಒಂದು ಖೋಲಿ, ನೋಡ್ರಿ ಅಂದೆ. ಅಲ್ಲಿಂದಲೇ ಸುತ್ತ ನೋಡಿದ್ರು. ಏನೂ ಮುಟ್ಲಿಲ್ಲ. ‘ಚಲೋ ಐತೆ, ಇಲ್ಲೇ ಹೆರು ಮಗಳೆ’ ಅಂದು ಎದ್ರು.”

“...ನನಗೇನಾದ್ರೂ ಹೇಳಿದ್ರಾ?”

“ಹೂಂ. ‘ನಿನ್ನ ಗಂಡ ಬಂದ್ರೆ ಹೇಳವ್ವಾ, ನಾನು ಕೇಳಿ ನೋಡಿದೆ ಅಂತ’ ಅಂದ್ರು. ಹಂಗಂದ್ರೆ ಏನ್ರೀ?”

ಉಜ್ಜನಪ್ಪ ಗೋಡಿಗೆ ಮುಖ ಕೊಟ್ಟು ಅತ್ತುಬಿಟ್ಟ. ಹೆಂಡ್ತಿಗೆ ಏನೂ ಹೇಳಲಿಲ್ಲ, ಎಷ್ಟೋ ವರ್ಷ ಹೇಳಲಿಲ್ಲ. ಅದೇ ಹಸಿ ಗೋಡೆ ಖೋಲಿಯಾಗೇ ಹೆಣ್ಣು ಕೂಸು ಹುಟ್ತು, ಗಟ್ಟಿಮುಟ್ಟಾಗಿ. ಈಗ ಅದನ್ನ ನಂದಿಗುಡಿಗೆ ಮದಿವಿ ಮಾಡಿ ಕೊಟ್ಟಾರೆ.

ಸುಳ್ಳು ಅನ್ಸಿದ್ರೆ ವಠಾರದ ದುರುಗವ್ವನ್ನ ಕೇಳ್ರಿ, ಇನ್ನೂ ಅದಾಳೆ. ಅವತ್ತು ಸಂಜಿಯಿಂದ ಶಕುಂತಲಾನ ಬಾಗಿಲ ಎದುರಿಗೇ ಕೂತು ಅವರೆಕಾಯಿ ಸುಲೀತಿದ್ಲು. ನರಪಿಳ್ಳೆ ಬರಲಿಲ್ಲ, ಹೋಗ್ಲಿಲ್ಲ ಅಂತಾಳೆ. ಸೈರನ್ ನಿಂತ ಮ್ಯಾಲೆ ಶಕುಂತಲಾ ಒಳಗಿಂದ ನಕ್ಕೊಂತ ‘ನೋಡ್ರಿ’ ಅಂದಿದ್ದು ಮಾತ್ರ ಕೇಳ್ತಂತೆ. ನನಗೇ ಹೇಳೈತಪ್ಪಾ ಆ ಮುದುಕಿ, ನನ್ನ ಕಣ್ಣಾಗೆ ಕಣ್ಣಿಟ್ಟು.