ಎರಡನೆಯ ಹರಿಗೋಲು

“ಹುಟ್ಟೋ ಕೂಸಿಗೆ ಯಾವ ಊರು ಅಂತ ಹೇಳಲಿ?”

ಒಬ್ಬ ಮುದುಕಿ ಹೊಳೆಯ ದಂಡೆಯಲ್ಲಿ ನಿಂತು ಹೀಗೆ ಕೇಳಿದಳು. ಯಾರನ್ನು ಕೇಳಿದಳು? ಯಾರನ್ನೂ ಇಲ್ಲ. ಎದುರಿಗೆ ಇದ್ದದ್ದು ಬರೀ ನೀರು. ನೀರು ಕೇಳಿಸಿಕೊಂಡಿತು, ಮುಂದೆ ಹೋಯಿತು.

ನೋಡಿ, ಕಥೆ ಹೇಳುವ ನಾವೆಲ್ಲ ‘ಒಂದೂರಲ್ಲಿ’ ಅಂತ ಶುರು ಮಾಡುತ್ತೇವೆ. ನಾಲಿಗೆಗೆ ಅದೇ ರೂಢಿ. ಇವತ್ತು ನನಗೆ ಹಾಗೆ ಶುರು ಮಾಡಲು ಬರಲಿಲ್ಲ. ಯಾಕೆ ಅಂದರೆ, ಈ ಮುದುಕಿಗೆ ಆ ಒಂದು ಊರೇ ಇರಲಿಲ್ಲ.

ನಿನ್ನೆ ಈ ಮಠದಲ್ಲಿ ಮಂಗಳಾರತಿ ಆದ ಮೇಲೆ ನಮ್ಮ ಚನವೀರಪ್ಪ ಮಾಸ್ತರರು, ಅಗೋ ಅಲ್ಲಿ ಕಂಬಕ್ಕೆ ಒರಗಿ ಕೂತಿದ್ದಾರಲ್ಲ, ಅವರು ಪೇಪರ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. “ಅಜ್ಜಾರ, ಇಲ್ಲಿ ನೋಡ್ರಿ. ಸಮುದ್ರದ ಆಚೆ ಕೆಲವು ದೊಡ್ಡ ದೇಶಗಳಿಗೆ ಸೇರಿದ ಸಣ್ಣ ಸಣ್ಣ ದ್ವೀಪ ಅದಾವ. ಅಲ್ಲಿ ಹಾರೋ ಧ್ವಜ ಆ ದೊಡ್ಡ ದೇಶದ್ದ. ಯುದ್ಧ ಬಂದ್ರ ದ್ವೀಪದ ಮಕ್ಕಳೂ ಹೋಗ್ತಾರ. ಆದ್ರ ಎಷ್ಟೋ ಕಡೆ ದೇಶ ಆಳೋರನ್ನ ಆರಿಸೂವಾಗ ಅವರಿಗೆ ಓಟಿಲ್ಲ. ಇಂಥವರನ್ನ ಪೂರಾ ರಾಜ್ಯ ಮಾಡಿ ಒಳಗ ತಗೋಬೇಕೋ, ಸ್ವಾತಂತ್ರ್ಯ ಕೊಟ್ಟು ಬಿಡಬೇಕೋ? ನೀವು ಒಂದು ತೀರ್ಪು ಹೇಳ್ರಿ” ಅಂದರು.

ನಾನು ಅಂದೆ, “ಮಾಸ್ತರ್ರೇ, ನಾನು ಹೊಳೆ ದಾಟಿದವನು, ಸಮುದ್ರ ದಾಟಿದವನಲ್ಲ. ನಾಳೆ ಬರ್ರಿ, ಹೊಳೆಯ ಕಥೆ ಹೇಳ್ತೀನಿ.”

ಹಾಗಾಗಿ ಇದು ಹೊಳೆಯ ಕಥೆ.

ಹೊಳೆಯ ಈ ದಂಡೆಗೆ ಒಬ್ಬ ಸಾಹುಕಾರ. ಅವನದೊಂದು ದೊಡ್ಡ ವಾಡೆ, ಕೋಟೆಯಂಥ ಮನೆ. ವಾಡೆಯ ಸುತ್ತ ಏಳು ಓಣಿ. ಹೊಳೆಯ ನಡುವೆ ಒಂದು ಗಡ್ಡೆ, ನಾಲ್ಕೂ ಕಡೆ ನೀರು, ಅದರ ಮೇಲೆ ನಲವತ್ತು ಮನೆ. ಆ ಗಡ್ಡೆಯೂ ವಾಡೆಗೇ ಸೇರಿದ್ದು. ಸಾಹುಕಾರ ಕೆಟ್ಟವನೇ? ಅಲ್ಲ. ಕೆಟ್ಟವನಾಗಿದ್ದರೆ ನಮಗೆ ಸುಲಭವಾಗುತ್ತಿತ್ತು, ಅವನನ್ನು ನಾಲ್ಕು ಮಾತು ಬೈದು ಪ್ರಸಾದಕ್ಕೆ ಏಳುತ್ತಿದ್ದೆವು. ಇವನು ಒಳ್ಳೆಯವನು. ಹಬ್ಬ ಬಂದರೆ ಗಡ್ಡೆಗೆ ಬೆಲ್ಲ ಕಳಿಸುವನು. ಜ್ವರ ಬಂತು ಅಂದರೆ ಔಷಧ ಕಳಿಸುವನು. ಗಡ್ಡೆಯವರೂ ಒಳ್ಳೆಯವರು. ವಾಡೆಗೆ ಕಳ್ಳರು ನುಗ್ಗಿದ ವರ್ಷ ಕೋಲು ಹಿಡಿದು ಮೊದಲು ಬಂದವರು ಅವರೇ.

ಆದರೆ ವಾಡೆಯ ಪಡಸಾಲೆಯಲ್ಲಿ ಒಂದು ಕಂಬಳಿ ಹಾಸುತ್ತಿದ್ದರು. ಊರಿನ ಮಾತು ಏನೇ ಇರಲಿ, ಏಳು ಓಣಿಯ ಏಳು ಹಿರಿಯರು ಆ ಕಂಬಳಿಯ ಮೇಲೆ ಕೂತು ತೀರ್ಮಾನ ಮಾಡುವರು. ಗಡ್ಡೆಯ ಹಿರಿಯನಿಗೆ ಜಾಗ ಎಲ್ಲಿ? ಹೊರಗೆ, ಮೆಟ್ಟಿಲ ಮೇಲೆ. ಕೇಳಬಹುದು, ಮಾತಾಡುವ ಹಾಗಿಲ್ಲ. ಇನ್ನು ಯಾವ ಓಣಿಯಲ್ಲಿ ಕೂಸು ಹುಟ್ಟಲಿ, ಪಡಸಾಲೆಯಲ್ಲಿ ನಿಂತು ‘ಇಂಥ ಓಣಿಗೆ ಕೂಸು ಬಂತೋ’ ಅಂತ ಕೂಗುವರು. ಏಳು ಓಣಿಗೂ ಆ ಕೂಗು ಉಂಟು. ಗಡ್ಡೆಗೆ ಇಲ್ಲ. ಯಾಕಿಲ್ಲ? ಯಾರೂ ಬೇಡ ಅಂದಿರಲಿಲ್ಲ. ಯಾರಿಗೂ ನೆನಪಾಗಿರಲಿಲ್ಲ, ಅಷ್ಟೇ.

ಇನ್ನು ಹರಿಗೋಲಿನ ಮಾತು. ಇದ್ದದ್ದು ಒಂದೇ ಹರಿಗೋಲು. ಮುತ್ತಜ್ಜನ ಕಾಲದ ನಿಯಮ ಏನೆಂದರೆ, ಗಡ್ಡೆಗೆ ಯಾರನ್ನೇ ಇಳಿಸಲಿ, ಹರಿಗೋಲು ಕೂಡಲೇ ತಿರುಗಿ ಬಂದು ವಾಡೆಯ ದಂಡೆಯಲ್ಲೇ ಬೋರಲು ಬೀಳಬೇಕು. ಗಡ್ಡೆಯಿಂದ ಕೂಗು ಬಂದರೆ ಅಂಬಿಗ ಪಡಸಾಲೆಗೆ ಹೋಗಬೇಕು, ಅಪ್ಪಣೆ ತೆಗೆದುಕೊಂಡು ಹುಟ್ಟು ಹಾಕಬೇಕು. ಯಾಕೆ ಈ ನಿಯಮ? ‘ಪಾಪ, ಗಡ್ಡೆಯವರಿಗೆ ಹೊಳೆಯ ಅಪಾಯ ತಿಳಿಯೋದಿಲ್ಲ’ ಅಂತ. ನಗಬೇಡಿ! ಹೊಳೆಯ ನಡುವೆ ಹುಟ್ಟಿ ಬೆಳೆದವರಿಗೆ ಹೊಳೆ ತಿಳಿಯುವುದಿಲ್ಲವಂತೆ, ಪಡಸಾಲೆಯಲ್ಲಿ ಕೂತವರಿಗೆ ತಿಳಿಯುತ್ತದಂತೆ.

ಸೂಲಗಿತ್ತಿ ಇದ್ದದ್ದು ಈ ದಂಡೆಗೆ. ಹಿಂದಿನ ವರ್ಷ ಗಡ್ಡೆಯ ಆ ಮುದುಕಿಯ ಮಗಳಿಗೆ ನೋವು ಬಂದಾಗ ಮುದುಕಿ ಮುಂಜಾನೆಯಿಂದ ಕೂಗಿದಳು. ಸೂಲಗಿತ್ತಿಯನ್ನು ಕೂಡಿಸಿಕೊಂಡು ಹರಿಗೋಲು ಬಂದಾಗ ಕೂಸು ಉಳಿದಿರಲಿಲ್ಲ. ಈ ವರ್ಷ ಮಗಳಿಗೆ ಮತ್ತೆ ಒಂಬತ್ತು ತುಂಬಿದೆ. ಈಗ ಹೇಳಿ, ಮುದುಕಿ ಹೊಳೆಯ ಮುಂದೆ ನಿಂತು ಯಾಕೆ ಹಾಗೆ ಕೇಳಿದಳು ಅಂತ.

ವಾಡೆಯೊಳಗೆ ಗಡ್ಡೆಯ ಮಾತು ನಡೆಯುತ್ತಲೇ ಇರಲಿಲ್ಲವೇ? ನಡೆಯುತ್ತಿತ್ತು! ಮೂರು ವರ್ಷದಿಂದ ನಡೆಯುತ್ತಿತ್ತು. ಸಾಹುಕಾರನ ಹಿರಿಮಗ, “ಅವರನ್ನ ಕಂಬಳಿ ಮ್ಯಾಲ ಕೂಡಸೂಣು. ಏಳು ಇದ್ದದ್ದು ಎಂಟು ಓಣಿ ಆಗ್ಲಿ” ಅನ್ನುವನು. ಕಿರಿಮಗ, “ಎದಕ್ಕ? ಅವರ ಗಡ್ಡಿ ಅವರಿಗೆ ಬಿಟ್ಟುಬಿಡೂಣು, ಚಂದಾಗಿ ಇರ್ಲಿ” ಅನ್ನುವನು. ವಾಡೆಯ ಹಳೇ ಕಾರಭಾರಿ ಮೀಸೆ ತಿರುವಿ, “ಹಿಂಗ ಇದ್ರ ಯಾರಿಗೇನು ತ್ರಾಸು? ಹರಿಗೋಲು ಅವರ ಕೈಗೆ ಕೊಟ್ರಂದ್ರ ಹೊಳ್ಳಿ ನೋಡೂದಿಲ್ಲ” ಅನ್ನುವನು. ಮೂವರೂ ಜಾಣರು. ಮೂವರೂ ಗಡ್ಡೆಯ ಒಳ್ಳೆಯದಕ್ಕೇ ಮಾತಾಡುವವರು. ಮೂವರಲ್ಲಿ ಒಬ್ಬನಾದರೂ ಮೆಟ್ಟಿಲ ಕಡೆ ತಿರುಗಿ, ‘ನೀನೇನಂತೀಯೋ?’ ಅಂದನೇ? ಇಲ್ಲ.

ಒಂದು ದಿನ ಈ ವಾದ ಕೇಳಿ ಕೇಳಿ ಸಾಹುಕಾರನಿಗೆ ತಲೆ ಚಿಟ್ಟು ಹಿಡಿಯಿತು. ಗಾಳಿಗೆ ಹೋಗಿಬರುತ್ತೇನೆ ಅಂತ ಹರಿಗೋಲು ಹತ್ತಿ ಗಡ್ಡೆಗೆ ಇಳಿದ. ಅಂಬಿಗ ನಿಯಮದವನು. ಸಾಹುಕಾರನನ್ನು ಇಳಿಸಿದ, ಹರಿಗೋಲು ತಿರುಗಿಸಿದ, ವಾಡೆಯ ದಂಡೆಗೆ ಹೋಗಿ ಬೋರಲು ಹಾಕಿದ.

ಸಾಹುಕಾರ ಗಡ್ಡೆಯೆಲ್ಲ ಸುತ್ತಿದ, ಹೊಲ ನೋಡಿದ, ಮಕ್ಕಳ ತಲೆ ಸವರಿದ. ಹೊತ್ತು ನೆತ್ತಿಗೆ ಬಂತು, ಹಸಿವಾಯಿತು. ದಂಡೆಗೆ ಬಂದು, “ಏ ಅಂಬಿಗಾ!” ಅಂದ. ಎರಡು ಸಲ ಅಂದ. ಹತ್ತು ಸಲ ಅಂದ.

ಅಂಬಿಗನಿಗೆ ಕೇಳಿಸಿತು. ಓಡಿ ಪಡಸಾಲೆಗೆ ಹೋದ. “ಗಡ್ಡಿಯಿಂದ ಕೂಗು ಬಂದೈತ್ರಿ...” ಅಂದನೋ ಇಲ್ಲವೋ, ಹಿರಿಮಗ ಕೈ ಅಡ್ಡ ಹಿಡಿದು, “ಸುಮ್ನಿರೋ! ಗಡ್ಡಿಯವರ ಬಗ್ಗೇನ ಮಾತಾಡಾಕತ್ತೀವಿ, ನಡುವ ಗದ್ದಲ ಮಾಡಬ್ಯಾಡ” ಅಂದ. ಗಡ್ಡಿ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನ ಮಾತು ಯಾರಿಗೂ ಬೇಕಿರಲಿಲ್ಲ. ಅಪ್ಪಣೆ ಸಿಗದ ಅಂಬಿಗ ಹೋಗಿ ಬೋರಲು ಬಿದ್ದ ಹರಿಗೋಲಿನ ಪಕ್ಕ ಕೂತ.

ಸಾಹುಕಾರ ಕೂಗಿದ, “ನಾನೋ! ನಾನು, ಸಾಹುಕಾರ!” ಹೊಳೆ ದಾಟುವಷ್ಟರಲ್ಲಿ ‘ಸಾಹುಕಾರ’ ನೀರಿಗೆ ಬಿದ್ದು, ಬರೀ ‘ಓ’ ಉಳಿಯಿತು. ಗಡ್ಡೆಯವರ ಕೂಗೂ ಅಷ್ಟೇ, ಬರೀ ‘ಓ’.

ಮುದುಕಿ ಹಿಂದೆ ಬಂದು ನಿಂತಿದ್ದಳು. “ಇನ್ನೂ ಜೋರ ಕೂಗ್ರಿ ಸಾವ್ಕಾರ್ರ” ಅಂದಳು. “ನಾವು ಮೂರು ತಲಿಮಾರಿಂದ ಕೂಗಾಕತ್ತೀವಿ, ನಮ್ಮ ಗಂಟಲ ಪಳಗೈತಿ. ನಿಮಗ ಹೊಸದು.”

ಅಷ್ಟರಲ್ಲಿ ಗುಡಿಸಲಿನಿಂದ ಮಗಳು ನರಳುವುದು ಕೇಳಿಸಿತು.  ಮುದುಕಿ ಒಮ್ಮೆ ಹೊಳೆಯ ಕಡೆ ನೋಡಿದಳು. ಹರಿಗೋಲು ಆಚೆ ದಂಡೆಯಲ್ಲಿ ಬಿಸಿಲು ಕಾಯಿಸುತ್ತ ಬಿದ್ದಿತ್ತು. ಆಮೇಲೆ ಅಂದಳು, “ನಿಮ್ಮ ಕೂಗಿಗೂ ಬರಲಿಲ್ಲ ಅಂದ್ರ ನಮ್ಮ ಕೂಗಿಗೆ ಬರ್ತದೇನು? ನಡೀರಿ, ಒಲಿ ಊದಾಕ ಒಬ್ಬರು ಬೇಕು.”

ಹುಟ್ಟಿದಾಗಿನಿಂದ ಒಲೆ ಊದಿದವನಲ್ಲ ಸಾಹುಕಾರ. ಹಸಿ ಕಟ್ಟಿಗೆ, ಹೊಗೆ, ಕಣ್ಣಲ್ಲಿ ನೀರು. ನೆರೆಮನೆಯ ಹೆಂಗಸರು ಸೀರೆಯ ಮರೆ ಹಿಡಿದು ನಿಂತು, “ಊದ್ರೀ ಸಾವ್ಕಾರ್ರ, ಪಡಸಾಲ್ಯಾಗ ಮಾತಾಡೂವಾಗ ಇರೋ ಉಸುರು ಇಲ್ಲೇನಾತು?” ಅಂತ ಹುರಿದುಂಬಿಸಿದರು. ಅವನು ಊದಿದ. ನೀರು ಕಾಯಿತು. ಒಳಗೆ ಸದ್ದು ನಿಂತಿತು. ನೋಡಿ, ಆ ಒಂದು ಗಳಿಗೆ ಇದೆಯಲ್ಲ, ಆಗ ಆ ಸಾಹುಕಾರನಿಗೆ ವಾಡೆ ನೆನಪಾಗಲಿಲ್ಲ, ಕಂಬಳಿ ನೆನಪಾಗಲಿಲ್ಲ. ಹೋದ ವರ್ಷದ ಕೂಸು ನೆನಪಾಯಿತು. ಆ ಸುದ್ದಿ ಅವನಿಗೆ ಗೊತ್ತಿತ್ತು. ಅವತ್ತು ‘ಅಯ್ಯೋ ಪಾಪ’ ಅಂದು ಬೆಲ್ಲ ಕಳಿಸಿದ್ದ.

ಕೂಸು ಅತ್ತಿತು.

ಮುದುಕಿ ಅದನ್ನು ಎತ್ತಿಕೊಂಡು ಹೊರಗೆ ಬಂದಳು. ಹೆಣ್ಣುಕೂಸು. “ನಿಮ್ಮ ಓಣ್ಯಾಗ ಕೂಸು ಹುಟ್ಟಿದ್ರ ಏನಂತ ಕೂಗ್ತೀರಿ ಸಾವ್ಕಾರ್ರ?” ಅಂದಳು. ಅಷ್ಟೇ ಕೇಳಿದ್ದು.

ಸಾಹುಕಾರ ಮಸಿ ಹತ್ತಿದ ಮುಖದಲ್ಲೇ ದಂಡೆಗೆ ನಡೆದ. ನಿಂತ. ಮಧ್ಯಾಹ್ನ ತನಗಾಗಿ ಕೂಗಿ ಗಂಟಲು ಕಟ್ಟಿತ್ತು. ಇದ್ದಷ್ಟು ದನಿ ಕೂಡಿಸಿ ಕೂಗಿದ: “ಗಡ್ಡಿಗೆ ಕೂಸು ಬಂತೋ!”

ಗಡ್ಡೆಯ ನಲವತ್ತು ಮನೆಯವರೂ ಅವನ ಜೊತೆಗೆ ಕೂಗಿದರು. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸಿ, ಅದನ್ನೇ ಎತ್ತಿ ಕೂಗಿದರು. ಅಂಬಿಗ ಎದ್ದ, ಹರಿಗೋಲು ಮೊಗಚಿದ, ಸೂಲಗಿತ್ತಿಯನ್ನು ಕೂಡಿಸಿಕೊಂಡು ಹುಟ್ಟು ಹಾಕಿದ. ಆಮೇಲೆ ಯಾರೋ ಕೇಳಿದರಂತೆ, ‘ಅಪ್ಪಣಿ ತಗೊಂಡಿದ್ದೇನೋ?’ ಅಂತ. “ಮರತೆ” ಅಂದನಂತೆ.

ಸಾಹುಕಾರನ ಎದೆ ತುಂಬಿತ್ತು. ಮುದುಕಿಯ ಮುಂದೆ ಕೈಮುಗಿದು, “ಯವ್ವಾ, ಇವತ್ತು ನೀನು ಏನು ಹೇಳ್ತೀಯೋ ಅದು. ಕಂಬಳಿ ಬೇಕಂದ್ರ ಕಂಬಳಿ. ನಿಮ್ಮ ಗಡ್ಡಿ ನಿಮಗ ಬೇಕಂದ್ರ ಹಂಗ. ಹೇಳು” ಅಂದ. ಎಂಥ ದೊಡ್ಡ ಮಾತು! ನಾವಾಗಿದ್ದರೆ ಕಾಲಿಗೆ ಬೀಳುತ್ತಿದ್ದೆವು. ಮುದುಕಿ ಕೂಸಿನ ಕಿವಿಗೆ ಸೆರಗು ಮುಚ್ಚಿ ಅಂದಳು, “ಈಗ ಹೆಂಗ ಹೇಳ್ಲಿ ಸಾವ್ಕಾರ್ರ? ಹರಿಗೋಲು ನಿಮ್ಮದು. ನೀವು ಬರ್ರಿ ಅಂದ್ರ ಬರಬೇಕು, ಹೋಗ್ರಿ ಅಂದ್ರ ಹೋಗಬೇಕು. ಇಂಥಾದ್ರಾಗ ನಮ್ಮ ಬಾಯಾಗ ಬರೂದು ಉತ್ತರ ಅಲ್ಲ, ಅಂಜಿಕಿ. ಮೊದಲು ನಮ್ಮ ದಂಡಿಗೆ ಒಂದು ಹರಿಗೋಲು ಆಗ್ಲಿ. ಆಮ್ಯಾಲ ನಾವ ಬಂದು ಹೇಳ್ತೀವಿ. ಇಷ್ಟಕ್ಕೂ ನಾ ಒಬ್ಬಾಕಿ ಹೇಳಿದ್ರ ಗಡ್ಡಿ ಹೇಳಿದಂಗ ಆಗ್ತದೇನು?”

ಮರುದಿನ ವಾಡೆಯಿಂದ ಬಿದಿರು ಹೋಯಿತು, ತೊಗಲು ಹೋಯಿತು. ಹರಿಗೋಲನ್ನು ಗಡ್ಡೆಯವರೇ ಹೆಣೆದರು. ಎರಡನೆಯ ಹರಿಗೋಲು ಗಡ್ಡೆಯ ದಂಡೆಯಲ್ಲಿ ಬೋರಲು ಬಿತ್ತು. ಕಾರಭಾರಿ, ‘ಇನ್ನ ಅವರು ಇತ್ಲಾಗ ಹಾಯೂದಿಲ್ಲ ನೋಡ್ರಿ’ ಅಂದ. ಆದದ್ದು ಏನು? ಮೊದಲು ತಿಂಗಳಿಗೆ ಒಮ್ಮೆ ಬರುತ್ತಿದ್ದವರು ದಿನಾ ಬರತೊಡಗಿದರು. ಕೂಗಿ ಕಾಯುವ ಕೆಲಸವಿಲ್ಲದಾಗ ನೆಂಟಸ್ತಿಕೆ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ.

ಗಡ್ಡೆಯವರು ಬೇವಿನ ಮರದ ಕೆಳಗೆ ಕೂತು ಮಾತಾಡಿದರು. ಕೆಲವರು ಕಂಬಳಿ ಅಂದರು, ಕೆಲವರು ನಮ್ಮ ಗಡ್ಡಿ ನಮಗೆ ಅಂದರು, ಇಬ್ಬರು ಇದ್ದ ಹಾಗೇ ಇರೋಣ ಅಂದರು. ಜಗಳವಾಡಿದರು, ಮಾತು ಬಿಟ್ಟರು, ಮತ್ತೆ ಕೂಡಿ ಉಂಡರು. ಆ ಕೂಸು ತೆವಳುವ ಹೊತ್ತಿಗೆ ಒಂದು ಮಾತಿಗೆ ಬಂದರು. ತಮ್ಮ ಹರಿಗೋಲಲ್ಲಿ ತಾವೇ ದಾಟಿ, ಮೆಟ್ಟಿಲ ಮೇಲೆ ನಿಲ್ಲದೆ ನೇರ ಪಡಸಾಲೆಗೆ ಹೋಗಿ ತಮ್ಮ ಮಾತು ಹೇಳಿದರು. ಅವರು ಹೇಳಿದ ಹಾಗೇ ಆಯಿತು. ಮರುವರ್ಷ ಹಬ್ಬಕ್ಕೆ ಇಲ್ಲಿಂದ ಬೆಲ್ಲ ಹೋಯಿತು, ಅಲ್ಲಿಂದ ಕಲ್ಲಂಗಡಿ ಬಂತು.

ಸಮುದ್ರದ ಆಚೆಯ ದ್ವೀಪಗಳಿಗೂ ನನ್ನಲ್ಲಿರುವ ಮಾತು ಇಷ್ಟೇ. ಅವರು ಒಳಗೆ ಬಂದರೆ ಪೂರಾ ಬರಲಿ, ಹೊರಗೆ ಹೋದರೆ ಹರಸಿ ಕಳಿಸೋಣ. ಹೀಗೇ ಇರುತ್ತೇವೆ ಅಂದರೆ ಅದೂ ಅವರ ಬಾಯಿಂದಲೇ ಬರಲಿ. ಮೆಟ್ಟಿಲ ಮೇಲೆ ಕೂಡಿಸಿ ‘ನಮ್ಮವರು’ ಅನ್ನುವುದು ಮಾತ್ರ ನಿಲ್ಲಲಿ. ಅಂಥ ಕಾಲ ಬರುತ್ತದೆ ಅಂತ ನನಗೆ ನಂಬಿಕೆ ಇದೆ. ಒಲೆ ಊದಿದ ಸಾಹುಕಾರ ಒಬ್ಬನೇ ಅಲ್ಲ ಲೋಕದಲ್ಲಿ.

ಆದರೆ ದ್ವೀಪದ ಮಾತಾಡಿ ಎದ್ದು ಹೋಗಬೇಡಿ. ನಿಮ್ಮ ಮನೆಗೆ ಬನ್ನಿ. ದುಂಡಪ್ಪ, ತಲೆ ತಗ್ಗಿಸಬೇಡ, ನಿನಗೊಬ್ಬನಿಗೇ ಹೇಳುತ್ತಿಲ್ಲ. ಮಗಳ ಮದುವೆಯ ಮಾತು ನಡೆಯುತ್ತದೆ. ಅಪ್ಪ ಒಂದು ಅನ್ನುತ್ತಾನೆ, ಸೋದರಮಾವ ಒಂದು ಅನ್ನುತ್ತಾನೆ, ಎಲ್ಲರೂ ಅವಳ ಒಳ್ಳೆಯದಕ್ಕೇ. ಅವಳೆಲ್ಲಿ? ಅಡುಗೆಮನೆಯ ಬಾಗಿಲಲ್ಲಿ. ಅದೇ ನಿಮ್ಮ ಮೆಟ್ಟಿಲು. ಸೊಸೆ ತವರಿಗೆ ಹೋಗಬೇಕು ಅಂದರೆ ನಾಲ್ಕು ಜನರ ಅಪ್ಪಣೆ ಬೇಕು. ಅದೇ ನಿಮ್ಮ ಹರಿಗೋಲು. ನಾಳೆ ಮುಂಜಾನೆ ಅವಳನ್ನು ಕಂಬಳಿಗೆ ಕರೆಯಿರಿ. ಕೇಳಿರಿ. ಕೇಳುವ ಮೊದಲು ಹರಿಗೋಲು ಅವಳ ದಂಡೆಗೆ ಹಾಕಿರಿ. ಅಂದರೆ? ‘ಬೇಡ’ ಅಂದರೂ ಸಂಜೆಯ ರೊಟ್ಟಿ ತಪ್ಪುವುದಿಲ್ಲ, ನಿಮ್ಮ ಮುಖ ಗಂಟಾಗುವುದಿಲ್ಲ ಅನ್ನುವ ಧೈರ್ಯ ಕೊಟ್ಟು ಕೇಳಿರಿ. ಆ ಧೈರ್ಯ ಕೊಡದೆ ಕೇಳಿದರೆ ನೀವು ಕೇಳಿದಂತೆಯೂ ಅಲ್ಲ, ಅವಳು ಹೇಳಿದಂತೆಯೂ ಅಲ್ಲ.

ಏನು ಮಾಸ್ತರ್ರೇ, ಎದ್ದು ನಿಂತಿರಿ? ಗಟ್ಟಿಯಾಗಿ ಹೇಳಿ, ಹಿಂದಿನವರಿಗೂ ಕೇಳಲಿ. ‘ಗಡ್ಡೆಯವರು ಪಡಸಾಲೆಯಲ್ಲಿ ಕಡೆಗೆ ಏನಂದರು, ಒಳಗೆ ಬರ್ತೀವಿ ಅಂದರೋ, ಬೇರೆ ಹೋಗ್ತೀವಿ ಅಂದರೋ, ಅದೊಂದು ಹೇಳಿಬಿಡಿ’ ಅಂತೀರಿ. ಎಲ್ಲರಿಗೂ ಅದೇ ಬೇಕು, ನಿಮ್ಮ ಮುಖ ನೋಡಿದರೆ ತಿಳಿಯುತ್ತದೆ. ನನಗೆ ಗೊತ್ತು. ಆದರೆ ಅದು ಗಡ್ಡೆಯವರ ಮಾತು, ಅವರ ಹರಿಗೋಲಲ್ಲಿ ಬಂದ ಮಾತು. ಅದನ್ನು ನಾನು ಹೇಳಿದರೆ ನಾಳೆ ನೀವು ಮನೆಯಲ್ಲಿ ಮಗಳನ್ನು ಕೇಳುವುದಿಲ್ಲ. ‘ಅಜ್ಜಾರು ತೀರ್ಪು ಕೊಟ್ಟಾರ’ ಅಂತೀರಿ.

ಹೇಳುವುದಿಲ್ಲ ಮಾಸ್ತರ್ರೇ. ಕೂತುಕೊಳ್ಳಿ.